ವೀಕ್ಷಾಳ ಅಪ್ಪನ ದೇವರುಗಳು

ಅಣ್ಣಾ ನಗರ್, ಚೆನ್ನೈ
20 ಸೆಪ್ಟೆಂಬರ್ 2005

ಪ್ರೀತಿಯ ಸೆವ್ರಿನ್,

ನಿನಗೂ ನನ್ನ ವೀಕ್ಷಾಪುಟ್ಟಿಗೂ ಮದ್ರಾಸಿನ ಅಜ್ಜಿಯ ಆಶೀರ್ವಾದ. ನಿನ್ನ ಅಪ್ಪ ಅಮ್ಮನಿಗೆ ನಮ್ಮಿಬ್ಬರ ನಮಸ್ಕಾರ ಹೇಳು. ನಿನ್ನ ಪತ್ರ ಶನಿವಾರ ಬಂತು. ಓದಿ, ಮಡಚಿ, ಮತ್ತೆ ಬಿಡಿಸಿ ಓದಿ ದಿಂಬಿನ ಕೆಳಗೆ ಇಟ್ಟುಕೊಂಡೆ. ಫೋನಿನಲ್ಲಿ ಹೇಳಲಾಗದ್ದನ್ನು ಬರೆದಿದ್ದೇನೆ ಅಂದಿದ್ದಿ. ಸರಿಯೇ. ಫೋನಿನಲ್ಲಿ ನಾವಿಬ್ಬರೂ ಊಟ ಆಯಿತಾ, ಮಗುವಿನ ಕೆಮ್ಮು ಕಡಿಮೆಯಾಯಿತಾ ಅಂತ ಕೇಳಿ ಇಟ್ಟುಬಿಡುತ್ತೇವೆ. ಗಿರಿಯ ಹೆಸರು ಬಾಯಿಗೆ ಬರುವಷ್ಟರಲ್ಲಿ ಇಬ್ಬರಿಗೂ ಏನೋ ಕೆಲಸ ನೆನಪಾಗುತ್ತದೆ.

ಮಂಗಳೂರಿನ ಹೊಸ ಶಾಲೆಯಲ್ಲಿ ಟೀಚರ್ ಒಬ್ಬೊಬ್ಬರನ್ನೇ ಎಬ್ಬಿಸಿ ನಿಮ್ಮ ಮನೆಯ ದೇವರು ಯಾರು ಅಂತ ಕೇಳಿದರಂತೆ. ವೀಕ್ಷಾ ಎದ್ದು ನಿಂತು, ಮಮ್ಮಿಯ ದೇವರು ಯೇಸು, ಅಪ್ಪನ ದೇವರು ಗೊತ್ತಿಲ್ಲ, ಅಪ್ಪ ಬಂದ ಮೇಲೆ ಕೇಳಿ ಹೇಳ್ತೇನೆ ಅಂದಳಂತೆ. ಆ ಸಾಲು ದಾಟಿ ಮುಂದೆ ಓದಲು ನನಗೆ ಬಹಳ ಹೊತ್ತು ಬೇಕಾಯಿತು.

ಅಪ್ಪನ ಕಡೆಯದ್ದು ಅವಳಿಗೆ ಅಳಿದುಹೋಗಬಾರದು, ನನಗೆ ಗೊತ್ತಿರುವುದು ಅರ್ಧಂಬರ್ಧ, ಮೊದಲಿನಿಂದ ಬರೆದು ಕಳಿಸಿ ಅಮ್ಮ ಅಂತ ಕೇಳಿದ್ದಿ. ನಿಮ್ಮ ಧರ್ಮ ಎಲ್ಲಿಂದ ಬಂತು, ಅಷ್ಟೊಂದು ದೇವರು ಯಾಕೆ, ಸತ್ತವರು ಎಲ್ಲಿಗೆ ಹೋಗುತ್ತಾರೆ ಅಂತ ನಿಮ್ಮಲ್ಲಿ ನಂಬುತ್ತಾರೆ, ಇವು ನಿನ್ನ ಪ್ರಶ್ನೆಗಳು. ಬರೆಯುತ್ತೇನೆ. ಇಲ್ಲಿಯ ಕನ್ನಡ ಮಕ್ಕಳಿಗೆ ಭಾನುವಾರ ಶ್ಲೋಕ ಹೇಳಿಕೊಟ್ಟವಳು ನಾನು. ನಾನು ಕನ್ನಡದಲ್ಲಿ ಕೇಳುವುದು, ಅವು ತಮಿಳಿನಲ್ಲಿ ಉತ್ತರ ಕೊಡುವುದು. ಆದರೂ ಒಂದಿಷ್ಟು ಒಳಗೆ ಹೋಗುತ್ತಿತ್ತು.

ಇನ್ನೊಂದು ವಿಷಯ ನೀನು ಕೊನೆಯಲ್ಲಿ ಹೆದರಿ ಹೆದರಿ ಬರೆದಿದ್ದಿ. ನವೆಂಬರ್ ಎರಡು ನಿಮ್ಮಲ್ಲಿ ಸತ್ತವರೆಲ್ಲರ ದಿನ, ಅವತ್ತು ಇಗರ್ಜಿಯ ಪೂಜೆಯಲ್ಲಿ ಗಿರಿಯ ಹೆಸರನ್ನೂ ಓದಲು ಪಾದ್ರಿಗಳು ಒಪ್ಪಿದ್ದಾರೆ, ಮಾವನಿಗೆ ನೋವಾಗುವುದಾದರೆ ಬೇಡ ಅಂತ. ಇದನ್ನು ನಾನು ಇನ್ನೂ ಅವರ ಕಿವಿಗೆ ಹಾಕಿಲ್ಲ. ನಿನಗೇ ಗೊತ್ತು, ಈ ಮನೆಯಲ್ಲಿ ಗಿರಿ ಸತ್ತಿದ್ದಾನೆ ಅಂತ ಯಾರೂ ಹೇಳುವ ಹಾಗಿಲ್ಲ. ಸುನಾಮಿಯಲ್ಲಿ ಹೋದವನ ಶರೀರ ಸಿಗಲಿಲ್ಲ. ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯಬೇಕೆಂದು ಶಾಸ್ತ್ರದಲ್ಲಿದೆ ಅಂತ ಜನವರಿಯಲ್ಲಿ ಸುರೇಶ ಭಟ್ಟರು ಒಂದು ಮಾತು ಆಡಿದರು. ಸಾವು ಖಂಡಿತವಾದರೆ ಕಾಯುವುದು ಬೇಡ ಅಂತ ಅವರೇ ಮುಂದೆ ಹೇಳಿದ್ದು ನಿನ್ನ ಮಾವನಿಗೆ ಕೇಳಿಸಲೇ ಇಲ್ಲ. ಹನ್ನೆರಡು ವರ್ಷವನ್ನು ಎದೆಗೆ ಅಪ್ಪಿಕೊಂಡು ಕೂತುಬಿಟ್ಟರು. ಕ್ರಿಯೆ ಇಲ್ಲ, ತಿಥಿ ಇಲ್ಲ. ಈಗ ಪಿತೃಪಕ್ಷ, ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಎಳ್ಳುನೀರು. ನಮ್ಮ ಮನೆಯಲ್ಲಿ ಆ ಮಾತೇ ಇಲ್ಲ.

ಇರಲಿ. ಮೊದಲಿನಿಂದ ಅಂದೆಯಲ್ಲ, ಶುರು ಮಾಡುತ್ತೇನೆ. ನಾನು ಬರೆದದ್ದನ್ನು ನೀನು ಮಗುವಿಗೆ ಅರ್ಥವಾಗುವ ಹಾಗೆ ಹೇಳು.

ನಿಮ್ಮಲ್ಲಿ ಯೇಸು ಹುಟ್ಟಿದ ಊರು ಉಂಟು, ದಿನ ಉಂಟು. ನಮ್ಮದಕ್ಕೆ ಹಾಗೆ ಶುರು ಮಾಡಿದ ಒಬ್ಬ ಮನುಷ್ಯ ಇಲ್ಲ. ಹಿಂದೂ ಅನ್ನುವ ಹೆಸರೂ ನಾವು ಇಟ್ಟುಕೊಂಡದ್ದಲ್ಲ. ಸಿಂಧೂ ಅಂತ ಒಂದು ನದಿ. ಅದರ ಆಚೆಯವರು ಅವರ ನಾಲಿಗೆ ತಿರುಗಿದ ಹಾಗೆ ಈಚೆಯವರನ್ನು ಹಿಂದೂ ಅಂದರು. ಬಹಳ ಹಿಂದೆ ಆ ಬಯಲಿನಲ್ಲಿ ಊರು ಕಟ್ಟಿದವರು ಯಾರನ್ನು ಪೂಜಿಸಿದರೋ, ಸರಿಯಾಗಿ ಯಾರಿಗೂ ಗೊತ್ತಿಲ್ಲ. ಆಮೇಲೆ ಋಷಿಗಳು ಬೆಂಕಿ, ಗಾಳಿ, ಬೆಳಗಿನ ಬೆಳಕನ್ನು ಕರೆದು ಹಾಡಿದರು. ಅದೇ ವೇದ. ಬರೆದಿಡಲಿಲ್ಲ, ಅಪ್ಪನ ಬಾಯಿಂದ ಮಗನ ಕಿವಿಗೆ, ಹಾಗೇ ಬಂತು. ಕಾಡಿನವರ ದೇವರು, ಗದ್ದೆಯವರ ದೇವರು, ನಮ್ಮ ಕರಾವಳಿಯ ದೈವಗಳು, ಇಲ್ಲಿಯ ಮಾರಿಯಮ್ಮ, ಎಲ್ಲರೂ ಒಬ್ಬೊಬ್ಬರಾಗಿ ಬಂದು ಸೇರಿದರು. ಯಾರು ಮೊದಲು, ಯಾರು ಆಮೇಲೆ ಅಂತ ಪಂಡಿತರು ಇವತ್ತಿಗೂ ಜಗಳ ಆಡುತ್ತಾರೆ.

ಉಪ್ಪಿನಂಗಡಿಯಲ್ಲಿ ಗಿರಿ ನಿಮ್ಮನ್ನು ಹೊಳೆ ನೋಡಲು ಕರೆದುಕೊಂಡು ಹೋಗಿದ್ದನಲ್ಲ? ಕುಮಾರಧಾರೆ ಬಂದು ನೇತ್ರಾವತಿಗೆ ಕೂಡುವ ಜಾಗ. ಕೂಡಿದ ಮೇಲೆ ಯಾವ ನೀರು ಯಾವುದರದ್ದು ಅಂತ ಮಂಗಳೂರಿನಲ್ಲಿ ನಿಂತು ಹೇಳಲಾಗುವುದಿಲ್ಲ. ನಮ್ಮ ಧರ್ಮ ಹಾಗೆ ಅಂತ ವೀಕ್ಷಾಳಿಗೆ ಹೇಳು. ಅವಳಿಗೆ ಆ ಹೊಳೆ ನೆನಪಿದ್ದೀತು. ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದಳು.

24 ಸೆಪ್ಟೆಂಬರ್

ಮೂರು ದಿನ ಬರೆಯಲಾಗಲಿಲ್ಲ. ಅಡುಗೆಯವರಿಬ್ಬರು ರಜೆ ಹಾಕಿದ್ದರಿಂದ ನಿನ್ನ ಮಾವ ಹೋಟೆಲಿನಲ್ಲೇ ಇದ್ದರು, ನಾನೂ ಹೋಗಿ ತರಕಾರಿ ಹೆಚ್ಚಿಕೊಟ್ಟೆ. ಇವತ್ತು ಊಟ ಮಾಡಿ ಆರಾಮಕುರ್ಚಿಯಲ್ಲಿ ಕೂತವರು ನನ್ನ ಕಡೆ ನೋಡಿ, "ಎಂತ ಮಾರಾಯ್ತಿ, ಪರೀಕ್ಷೆ ಬರೆಯುವ ಹಾಗೆ ಬರೀತಿದ್ದಿ?" ಅಂದರು. ಮೊಮ್ಮಗಳಿಗೆ ನಮ್ಮ ದೇವರುಗಳ ಬಗ್ಗೆ ಗೊತ್ತಾಗಬೇಕಂತೆ, ಸೆವ್ರಿನ್ ಕೇಳಿದ್ದಾಳೆ ಅಂದೆ. ಅಷ್ಟೇ ಹೇಳಿದೆ. ಮುಖ ಅರಳಿತು, ಸೆವ್ರಿನ್. ಡಿಸೆಂಬರಿನಿಂದ ನಾನು ಆ ಮುಖ ಕಂಡಿರಲಿಲ್ಲ. "ಓದು ಕಾಂಬ" ಅಂದರು. ನಮ್ಮ ಮನೆಯ ಮಾತನ್ನು ಬಿಟ್ಟು ಒಂದಿಷ್ಟು ಓದಿದೆ.

"ಮೂವತ್ತಮೂರು ಕೋಟಿ ದೇವರು ಅಂತೆಲ್ಲ ಬರೀಬೇಡ. ಮಗು ಹೆದರುತ್ತೆ" ಅಂದರು. "ನನ್ನ ಹೆಸರಿನಿಂದ ಶುರು ಮಾಡು."

ಹಾಗೇ ಮಾಡುತ್ತೇನೆ. ಹರಿ ಅಂದರೆ ವಿಷ್ಣು, ಹರ ಅಂದರೆ ಶಿವ. ಇಬ್ಬರ ಭಕ್ತರೂ ನಮ್ಮವ ದೊಡ್ಡವ, ನಿಮ್ಮವ ಸಣ್ಣವ ಅಂತ ತಲೆ ಒಡೆದುಕೊಂಡ ಕಾಲವಿತ್ತು. ಅದನ್ನು ನಿಲ್ಲಿಸಲು ಯಾರೋ ಪುಣ್ಯಾತ್ಮರು ಅರ್ಧ ಮೈ ಹರಿ, ಅರ್ಧ ಮೈ ಹರ ಇರುವ ಒಂದೇ ಮೂರ್ತಿ ಮಾಡಿ ಹರಿಹರ ಅಂದರು. ನಿನ್ನ ಮಾವನ ಅಜ್ಜ ಆ ಹೆಸರು ಇಟ್ಟದ್ದು. ಅದನ್ನು ಹೇಳಿ ಅವರು, "ಅಜ್ಜನೇ ಎರಡು ದೇವರನ್ನು ಒಂದು ಮಗುವಿನ ಹೆಸರಲ್ಲಿ ಇಟ್ಟಿದ್ದ. ನಾನು ನನ್ನ ಮನೆಯಲ್ಲಿ ಎರಡು ವರ್ಷ ಬಾಗಿಲು ಹಾಕಿ ಕೂತೆ" ಅಂದರು. ನಿಮ್ಮ ಮದುವೆಯ ಕಾಲದ ಮಾತು. ಕೀಲ್ಪಾಕಿನ ನರ್ಸಿಂಗ್ ಹೋಮಿನಲ್ಲಿ ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದಾಗ ಮಂಗಳೂರು ಕನ್ನಡದಲ್ಲಿ ಮಾತಾಡಿಸಿದ ನರ್ಸು ಅಂತ ನಿನ್ನನ್ನು ಹೊಗಳಿದವರೂ ಅವರೇ, ಮಗ ಅವಳನ್ನೇ ಮದುವೆಯಾಗುತ್ತೇನೆ ಅಂದಾಗ ಎದ್ದು ಹೋದವರೂ ಅವರೇ. ವೀಕ್ಷಾ ಹುಟ್ಟಿದ ಮೇಲೆ ಬಾಗಿಲು ತೆರೆದರಲ್ಲ, ಅದು ಸಾಕು.

ಹುಟ್ಟಿಸುವವನು ಬ್ರಹ್ಮ, ಕಾಯುವವನು ವಿಷ್ಣು, ಕೊನೆಗಾಣಿಸುವವನು ಶಿವ. ಅವರ ಹಿಂದಿನ ಶಕ್ತಿ ತಾಯಿ, ಅವಳಿಗೆ ಊರಿಗೊಂದು ಹೆಸರು. ಕೊಲ್ಲೂರಿನಲ್ಲಿ ಮೂಕಾಂಬಿಕೆ, ಇಲ್ಲಿ ಆಡಿ ತಿಂಗಳಲ್ಲಿ ಬೀದಿ ಬೀದಿಯಲ್ಲಿ ಗಂಜಿ ಕಾಸಿ ಹಂಚುವ ಅಮ್ಮ. ಎಲ್ಲರಿಗಿಂತ ಮೊದಲು ಗಣಪತಿ. ನಮ್ಮ ಮೂಲೆಯ ಪಿಳ್ಳೈಯಾರ್ ಗುಡಿ ವೀಕ್ಷಾಳಿಗೆ ಗೊತ್ತು. ಶಾಲೆಗೆ ಹೋಗುವಾಗ ಅಪ್ಪ ಬೈಕ್ ನಿಲ್ಲಿಸಿದರೆ ಅವಳು ತಲೆಗೆ ಮೊಟಕಿಕೊಂಡು, ಭಾನುವಾರ ನಿನ್ನ ಜೊತೆ ಹೋಗಿ ಶಿಲುಬೆಯ ಗುರುತನ್ನೂ ಮಾಡಿಕೊಂಡು, ಎರಡರಲ್ಲೂ ಅಪ್ಪನಿಗಿಂತ ಚುರುಕು. ಇಷ್ಟು ದೇವರು ಇದ್ದರೂ ಒಳಗಿರುವುದು ಒಂದೇ ಅಂತ ನಮ್ಮ ಹಿರಿಯರ ನಂಬಿಕೆ. ಅದಕ್ಕೆ ಆಕಾರ ಇಲ್ಲ, ಹೆಸರಿಲ್ಲ. ಆಕಾರವಿಲ್ಲದ್ದನ್ನು ಅಪ್ಪಿಕೊಳ್ಳಲು ಮನುಷ್ಯರಿಗೆ ಬರುವುದಿಲ್ಲ, ಅದಕ್ಕೆ ಮೂರ್ತಿ. ಮಣ್ಣಿನಲ್ಲಿ ಮಾಡಿ, ಬಾ ಅಂತ ಕರೆದು, ಉಣಿಸಿ, ಹಬ್ಬ ಮುಗಿದ ಮೇಲೆ ನೀರಿಗೆ ಬಿಡುತ್ತೇವೆ.

ಈ ಸಲವೂ ಮರೀನಾಕ್ಕೆ ಸಾಲು ಸಾಲು ಲಾರಿಯಲ್ಲಿ ವಿನಾಯಕ ಹೋದ. ಭಾನುವಾರ ಬೆಳಿಗ್ಗೆ ನಿನ್ನ ಮಾವ ಅಲ್ಲೇ ಇದ್ದರು. ನಿನಗೆ ಹೇಳಿರಲಿಲ್ಲ. ಆ ದಿನದಿಂದ ಪ್ರತಿ ಭಾನುವಾರ ಬಸ್ಸಿನಲ್ಲಿ ಮರೀನಾಕ್ಕೆ ಹೋಗಿ ಗಿರಿಯ ಬೈಕ್ ಸಿಕ್ಕಿದ ಜಾಗದಲ್ಲಿ ನಿಂತು ಬರುತ್ತಾರೆ. ನೀರಿನ ಹತ್ತಿರ ಹೋಗುವುದಿಲ್ಲ. ಅವತ್ತು ಬಂದವರು, "ಅಷ್ಟು ಚಂದ ಮಾಡಿದ್ದನ್ನು ಅವರು ಕುಣೀತಾ ಕುಣೀತಾ ಬಿಟ್ಟುಬಂದರು, ಹೆಂಗೆ ಬಿಡ್ತಾರೆ?" ಅಂತ ನನ್ನನ್ನು ಕೇಳಿದರು.

ಇವತ್ತು ಕೃಷ್ಣನ ಬಗ್ಗೆ ಬರೆಯೋಣ ಅಂತ ಹೊರಟೆ. ಉಡುಪಿಯ ಕೃಷ್ಣ, ಬೆಣ್ಣೆ ಕದ್ದವನು, ಅದೆಲ್ಲ ಬರೆಯಬಹುದು. ಅಪ್ಪನ ಹೆಸರೂ ಕೃಷ್ಣನದೇ ಅಂತ ಮಗುವಿಗೆ ಹೇಳಬೇಕು. ಇಂದ್ರ ಸಿಟ್ಟಿನಿಂದ ಏಳು ದಿನ ಮಳೆ ಸುರಿಸಿದಾಗ ಗೋವರ್ಧನ ಗಿರಿಯನ್ನು ಬೆರಳಿನ ಮೇಲೆ ಎತ್ತಿ ಹಿಡಿದು, ಕೆಳಗೆ ಊರಿಗೆ ಊರನ್ನೇ ನಿಲ್ಲಿಸಿಕೊಂಡು ಕಾಪಾಡಿದವನು ಗಿರಿಧರ. ನೀರಿನಿಂದ ಕಾಪಾಡಿದವನು. ಆ ಹೆಸರು ಆರಿಸಿದವಳು ನಾನೇ.

ಇನ್ನು ಇವತ್ತು ಆಗುವುದಿಲ್ಲ.

27 ಸೆಪ್ಟೆಂಬರ್

ಧರ್ಮ, ಕರ್ಮ ಇವೆರಡನ್ನು ಬರೆಯಬೇಕು. ಶ್ಲೋಕದ ತರಗತಿಯಲ್ಲಿ ಇವು ಬಹಳ ಸುಲಭವಾಗಿದ್ದವು.

ಧರ್ಮ ಅಂದರೆ ಪೂಜೆ ಅಂತ ಮಕ್ಕಳು ತಿಳಿಯುತ್ತಾರೆ. ಪೂಜೆ ಅಲ್ಲ. ಆ ಹೊತ್ತಿಗೆ ನಾವು ಮಾಡಲೇಬೇಕಾದ ಕೆಲಸ. ಅವಳಿಗೆ ಅಜ್ಜನ ಕಥೆಯನ್ನೇ ಹೇಳು. ನಿನಗೆ ಇದು ಪೂರ್ತಿ ಗೊತ್ತಿಲ್ಲ. ನೀನು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಬಟ್ಟೆ ಸರಿಸಿ ಮುಖ ನೋಡುತ್ತಿದ್ದ ದಿನಗಳು ಅವು. ನಮ್ಮ ಹೋಟೆಲಿನ ಹಿರಿಯ ಅಡುಗೆಯವ ಕಾಂತಪ್ಪ ನಿನ್ನ ಜೊತೆ ಬಂದಿದ್ದ. ಇತ್ತ ನಿನ್ನ ಮಾವ ಹೋಟೆಲಿಗೆ ಹೋಗಿ ಗಿರಾಕಿಗಳಿಗೆ ಬಾಗಿಲು ಹಾಕಿಸಿ, ದೊಡ್ಡ ಹಂಡೆಗಳಲ್ಲಿ ಸಾಂಬಾರನ್ನ ಬೇಯಿಸಿದರು. ಪಟ್ಟಿನಪಾಕ್ಕಂ ಕಡೆಯ ಮೀನುಗಾರರ ಕೇರಿಗಳಿಗೆ ವ್ಯಾನಿನಲ್ಲಿ ತೆಗೆದುಕೊಂಡು ಹೋಗಿ ತಾವೇ ಬಡಿಸಿದರು. ಬಡಿಸುವಾಗ ಒಬ್ಬೊಬ್ಬರನ್ನೂ ಕೇಳಿದರಂತೆ, ನೀಲಿ ಅಂಗಿ ಹಾಕಿದ, ಎತ್ತರದ, ಕನ್ನಡಕ ಇಟ್ಟ ಹುಡುಗನನ್ನು ಕಂಡಿರಾ ಅಂತ. ಇಬ್ಬರು ಮಕ್ಕಳನ್ನು ಕಳೆದುಕೊಂಡ ಒಬ್ಬ ಹೆಂಗಸು ಇವರ ಕೈ ಹಿಡಿದು, ಅಯ್ಯಾ ನೀವು ಮೊದಲು ಉಣ್ಣಿ ಅಂದಳಂತೆ. ಅಲ್ಲಿ ಮರಳಿನಲ್ಲಿ ಕೂತು ಉಂಡು ಬಂದರು. ಜಾತಿ, ಮಡಿ ಅಂತ ಜೀವನವೆಲ್ಲ ನೋಡಿದ ಮನುಷ್ಯ. ಅಂದು ಅವರು ಮಾಡಿದ್ದು, ಆ ಹೆಂಗಸು ಮಾಡಿದ್ದು, ಎರಡೂ ಧರ್ಮ.

ಕರ್ಮ ಕಷ್ಟ. ಮಾಡಿದ್ದಕ್ಕೆ ಫಲ ಉಂಟು, ಒಳ್ಳೆಯದಕ್ಕೆ ಒಳ್ಳೆಯದು, ಕೆಟ್ಟದ್ದಕ್ಕೆ ಕೆಟ್ಟದ್ದು, ಈ ಜನ್ಮದಲ್ಲಿ ತೀರದಿದ್ದರೆ ಮುಂದಿನದರಲ್ಲಿ. ನಾನು ಹೇಳಿಕೊಡುತ್ತಿದ್ದದ್ದು ಇಷ್ಟೇ. ಫೆಬ್ರವರಿಯಲ್ಲಿ ಎದುರು ಮನೆಯ ಜಯಲಕ್ಷ್ಮೀ ಮೊಸರಿನ ಪಾತ್ರೆ ಕೊಡಲು ಬಂದವಳು, ಸಮಾಧಾನಕ್ಕೆಂದೇ, ಹಿಂದಿನ ಜನ್ಮದ ಕರ್ಮ ಮಾಮಿ, ಯಾರಿಂದ ಏನು ಮಾಡಲಾಗುತ್ತೆ ಅಂದಳು. ನಾನು ಪಾತ್ರೆಯನ್ನು ಅವಳ ಕೈಯಲ್ಲೇ ಬಿಟ್ಟು ಒಳಗೆ ಹೋದೆ. ಯಾವ ಜನ್ಮದ್ದು? ಏನು ಮಾಡಿದ್ದ? ಆರು ವರ್ಷದ ಮಗುವಿಗೆ, ನಿನ್ನ ಅಪ್ಪ ಹಿಂದೆ ಯಾವಾಗಲೋ ಏನೋ ಮಾಡಿದ್ದಕ್ಕೆ ಸಮುದ್ರ ಬಂತು ಅಂತ ಹೇಳಬೇಕಾ? ಅವತ್ತು ವೀಕ್ಷಾ ಅಪ್ಪನ ಜೊತೆ ತಾನೂ ಮರೀನಾಕ್ಕೆ ಬರುತ್ತೇನೆ ಅಂತ ಹಟ ಮಾಡಿದಳು, ಶೀತ ಅಂತ ನೀನು ಬಿಡಲಿಲ್ಲ. ಮಗುವನ್ನು ದೇವರು ಉಳಿಸಿದ ಅಂತ ಎಲ್ಲರೂ ಅಂದರು. ನನಗೆ ಆ ಮಾತಿನ ಅರ್ಧವನ್ನು ಮಾತ್ರ ಹೇಳಲು ಬರುವುದಿಲ್ಲ. ನಿಮ್ಮ ಕಡೆಯವರೂ ದೇವರ ಚಿತ್ತ ಅಂದದ್ದಕ್ಕೆ ನೀನು ಊಟ ಬಿಟ್ಟು ಎದ್ದದ್ದು ನನಗೆ ಗೊತ್ತು.

ಇದನ್ನು ಹೇಗೆ ಬರೆಯಲಿ ಅಂತ ನಿನ್ನ ಮಾವನನ್ನೇ ಕೇಳಿದೆ. ಅವರು ಅಂದರು: "ಕರ್ಮ ಅಂದ್ರೆ ಇನ್ನೊಬ್ಬರ ಮನೆಯ ದುಃಖಕ್ಕೆ ಕಾರಣ ಹೇಳುವ ಲೆಕ್ಕ ಅಲ್ಲ ಅಂತ ಬರಿ. ತಾನು ಮಾಡುವುದನ್ನು ತಾನು ನೋಡಿ ಮಾಡು, ಅದು ಎಲ್ಲಿಗೂ ಹೋಗುವುದಿಲ್ಲ. ಮಗುವಿಗೆ ಅಷ್ಟು ಸಾಕು. ಉಳಿದದ್ದು ನನಗೂ ಗೊತ್ತಿಲ್ಲ."

ಅಷ್ಟೇ ಬರೆದಿದ್ದೇನೆ.

29 ಸೆಪ್ಟೆಂಬರ್

ಸೆವ್ರಿನ್, ಇವತ್ತು ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಉಳಿದದ್ದು ನಿನ್ನ ಕೊನೆಯ ಪ್ರಶ್ನೆ, ಸತ್ತವರದ್ದು. ಅದನ್ನು ಅವರಿಲ್ಲದಾಗ ಬರೆಯೋಣ ಅಂತಿದ್ದೆ. ಸಂಜೆ ಹೋಟೆಲಿನಿಂದ ಬೇಗ ಬಂದವರು ಕಾಫಿ ಕುಡಿದು, "ಎಲ್ಲಿವರೆಗೆ ಬಂತು, ಓದು" ಅಂದರು. ಸುಳ್ಳು ಹೇಳಲಾಗಲಿಲ್ಲ. ಓದಿದೆ. ಪ್ರತಿಯೊಂದು ಜೀವದಲ್ಲೂ ಆತ್ಮ ಅಂತ ಒಂದಿದೆ, ಅದಕ್ಕೆ ಹುಟ್ಟಿಲ್ಲ, ಸಾವಿಲ್ಲ. ನಾವು ಹಳೆಯ ಬಟ್ಟೆ ತೆಗೆದಿಟ್ಟು ಹೊಸದು ಉಡುವ ಹಾಗೆ ಅದು ಹಳತಾದ ದೇಹವನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಹೋಗಿ ಬಂದು, ಹೋಗಿ ಬಂದು, ಯಾವತ್ತೋ ಒಂದು ದಿನ ಎಲ್ಲ ಆಸೆ ತೀರಿ ಎಲ್ಲಿಂದ ಬಂದಿತ್ತೋ ಅಲ್ಲಿಗೇ ಸೇರಿ ನಿಲ್ಲುತ್ತದೆ, ಅದು ಮೋಕ್ಷ.

ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಅವನದು ಹಳತಾಗಿತ್ತಾ?" ಅಂದರು.

ನನಗೆ ಮೊದಲು ತಿಳಿಯಲಿಲ್ಲ.

"ಬಟ್ಟೆ. ಗಿರಿಯದು ಹಳತಾಗಿತ್ತಾ?"

ಆಗಿತ್ತಾ ಅಂದರು, ಸೆವ್ರಿನ್. ಈ ಒಂಬತ್ತು ತಿಂಗಳಲ್ಲಿ ಗಿರಿ ಬಂದ ಮೇಲೆ, ಗಿರಿಗೆ ಹೇಳಬೇಕು, ಗಿರಿಗೆ ಇದು ಇಷ್ಟ, ಇದೇ ಮಾತು. ಆಗಿಹೋದವನ ಹಾಗೆ ಅವರು ಮಗನ ಬಗ್ಗೆ ಮಾತಾಡಿದ್ದು ಇದೇ ಮೊದಲು. ಅದು ಅವರಿಗೂ ಕೇಳಿಸಿರಬೇಕು. ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ನಾನು ಕಾಗದ ಕೆಳಗಿಟ್ಟೆ.

"ಮಗು ಕೇಳಿದ್ದು ಸರಿಯಾಗಿ ಎಂತ?" ಅಂದರು.

ನಿನ್ನ ಪತ್ರವನ್ನು ತಂದು ಕೈಯಲ್ಲಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ಇಗರ್ಜಿಯ ವಿಷಯವನ್ನೂ. ವೀಕ್ಷಾಳ ಮಾತಿನ ಮೇಲೆ ಬೆರಳಿಟ್ಟು, "ಅಪ್ಪ ಬಂದ ಮೇಲೆ ಕೇಳಿ ಹೇಳ್ತೇನೆ ಅಂದಿದ್ದಾಳೆ" ಅಂದರು. "ಜನವರಿಯಲ್ಲಿ ಇಲ್ಲಿದ್ದಾಗ ನನ್ನ ಹತ್ರ ದಿನಾ ಕೇಳ್ತಿತ್ತು. ತಾತಾ, ಅಪ್ಪಾ ಎಪ್ಪೋ ವರುವಾರು, ಯಾವಾಗ ಬರ್ತಾರೆ? ಅಂತ. ಬರ್ತಾನೆ, ಬರ್ತಾನೆ ಅಂದವ ನಾನು. ಅವಳು ಅದನ್ನೇ ಹಿಡಿದುಕೊಂಡು ಕೂತಿದ್ದಾಳೆ ಕಲಾ. ನನಗಾದರೆ ಎಪ್ಪತ್ತು. ಆ ಮಗುವನ್ನು ಹನ್ನೆರಡು ವರ್ಷ ಬಾಗಿಲಲ್ಲಿ ಕೂರಿಸುವುದಾ?"

ಆಮೇಲೆ ಅತ್ತರು. ನಾನು ಅವರ ಜೊತೆ ಬಾಳಿದ ಇಷ್ಟು ವರ್ಷದಲ್ಲಿ, ಅವರ ಅಮ್ಮ ಹೋದಾಗಲೂ ಹಾಗೆ ಅತ್ತದ್ದು ಕಂಡಿಲ್ಲ. ನಾನು ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅವರ ಕಾಲು ಹಿಡಿದುಕೊಂಡೆ. ಮುಖ ತೊಳೆದು ಬಂದು ತಾವೇ ಸುರೇಶ ಭಟ್ಟರಿಗೆ ಫೋನ್ ಮಾಡಿದರು. ಅಮಾವಾಸ್ಯೆಗೆ ಆಗಬಹುದು ಅಂದರಂತೆ ಭಟ್ಟರು.

4 ಅಕ್ಟೋಬರ್

ನಿನ್ನೆ ಮಹಾಲಯ ಅಮಾವಾಸ್ಯೆ. ಮುಗಿಯಿತು.

ಮೊದಲೇ ತಿಳಿಸಲಿಲ್ಲ ಅಂತ ನೊಂದುಕೊಳ್ಳಬೇಡ. ಭಾನುವಾರ ನಿನ್ನ ಫೋನ್ ಬಂದಾಗ ಹೇಳಬೇಕೆಂದು ಅವರೇ ರಿಸೀವರ್ ತೆಗೆದುಕೊಂಡದ್ದು. ನಿನ್ನ ದನಿ ಕೇಳಿ, ಮಗುವಿಗೆ ಹಾರ್ಲಿಕ್ಸ್ ಕೊಡ್ತೀಯಲ್ಲ ಅಂತ ಕೇಳಿ ನನ್ನ ಕೈಗೆ ಕೊಟ್ಟುಬಿಟ್ಟರು. ಆಸ್ಪತ್ರೆಗಳಲ್ಲಿ ಅಷ್ಟೆಲ್ಲ ಮುಖಗಳನ್ನು ನೋಡಿ ಬಂದವಳು ಸೆವ್ರಿನ್, ಇದೊಂದನ್ನು ಅವಳು ನೋಡುವುದು ಬೇಡ ಅಂದರು.

ಶರೀರ ಸಿಗದವರಿಗೆ ದರ್ಭೆಯಲ್ಲಿ ಮನುಷ್ಯನ ಆಕಾರ ಮಾಡುತ್ತಾರೆ. ತಲೆಗೆ ತೆಂಗಿನಕಾಯಿ. ಹೆತ್ತವಳಿಗೆ ಅದರಲ್ಲಿ ಮಗ ಕಾಣುತ್ತಾನಾ? ನನಗೆ ಕಾಣಲಿಲ್ಲ. ಬರಿ ಹುಲ್ಲು ಅನ್ನಿಸಿತು. ಹೆಂಗಸರು ಸ್ಮಶಾನಕ್ಕೆ ಬರುವ ಪದ್ಧತಿಯಿಲ್ಲ ಅಂತ ಭಟ್ಟರು ಅಳುಕುತ್ತಾ ಹೇಳಿದರು. ಅವಳು ಬರ್ತಾಳೆ ಅಂದರು ನಿನ್ನ ಮಾವ. ಕಾಂತಪ್ಪ ನನ್ನ ಪಕ್ಕದಲ್ಲೇ ಇದ್ದ.

ಅಪ್ಪನಿಗೆ ಮಗ ಮಾಡಬೇಕಾದದ್ದನ್ನು ಮಗನಿಗೆ ಅಪ್ಪ ಮಾಡಿದ. ಗೋತ್ರ ಹೇಳಿ, ಹೆಸರು ಹೇಳಿ ಅಂದಾಗ, ಗಿರಿಧರ ಅಂತ ಗಟ್ಟಿಯಾಗಿಯೇ ಹೇಳಿದರು. ಹೋದ ದೀಪಾವಳಿಗೆ ನೀನು ತಂದುಕೊಟ್ಟ ಅಂಚಿನ ಪಂಚೆಯನ್ನು ಅದರ ಮೇಲೆ ಹೊದೆಸಿದ್ದರು. ಬೆಂಕಿ ಇಡುವ ಮೊದಲು ಬಗ್ಗಿ, ಪಂಚೆಯನ್ನು ಕಾಲ ಕಡೆಗೆ ಎಳೆದು ಸರಿಮಾಡಿದರು. ಸಣ್ಣವನಿದ್ದಾಗ ಗಿರಿ ನಿದ್ದೆಯಲ್ಲಿ ಹೊದಿಕೆ ಒದ್ದುಬಿಡುತ್ತಿದ್ದ. ಹೋಟೆಲ್ ಮುಚ್ಚಿ ಬಂದವರು ಮೊದಲು ಹೋಗಿ ಅವನ ಪಾದ ಮುಚ್ಚಿ ಆಮೇಲೆ ಕೈಕಾಲು ತೊಳೆಯುತ್ತಿದ್ದರು. ಅದೇ ಕೈ, ಅದೇ ರೀತಿ. ಆಗ ನನಗೆ ಆ ಹುಲ್ಲಿನಲ್ಲಿ ಅವನು ಕಂಡ. ನನ್ನ ಬಾಯಿಂದ ಏನು ಬಂತೋ ಗೊತ್ತಿಲ್ಲ, ಕಾಂತಪ್ಪ ನನ್ನನ್ನು ಹಿಡಿದುಕೊಂಡ.

ಬೂದಿಯನ್ನು ಸಮುದ್ರಕ್ಕೇ ಬಿಡಬೇಕಿತ್ತು. ಬೇರೆ ಎಲ್ಲಾದರೂ ಬಿಡಬಹುದಾ ಅಂತ ನಾನು ಕೇಳಿದೆ, ಬೇಡ, ಅಲ್ಲೇ ಅಂದರು. ನೀರಿನ ಹತ್ತಿರ ಹೋಗದಿದ್ದವರು ಮಂಡಿಯ ತನಕ ಇಳಿದರು. ಅಲೆ ಬಂದು ಪಂಚೆ ಒದ್ದೆಯಾಯಿತು. ಮಡಕೆ ಬಿಟ್ಟ ಮೇಲೂ ಕೈ ಚಾಚಿಕೊಂಡೇ ನಿಂತಿದ್ದರು. ಕಾಂತಪ್ಪ ಹೋಗಿ ತೋಳು ಹಿಡಿದು ಕರೆತರಬೇಕಾಯಿತು. ಬರುವಾಗ ಆಟೋದಲ್ಲಿ, ಸೆವ್ರಿನ್‌ಗೆ ಬರಿ ಅಂದರು. ಮಗುವಿಗೆ ಎಂತ ಹೇಳಬೇಕು ಅಂತ ಅವರೇ ಹೇಳಿದ ಮಾತು ಇದು. ನಾನು ಏನೂ ಸೇರಿಸಿಲ್ಲ:

"ಅಪ್ಪ ಬರುವುದಿಲ್ಲ ಅಂತ ತಾತ ಹೇಳಿದ್ದಾರೆ ಅಂತ ಹೇಳು. ತಾತ ಮೊದಲು ಹೇಳಿದ್ದು ತಪ್ಪು. ಅಪ್ಪನನ್ನು ತಾತನೇ ಕಳಿಸಿಕೊಟ್ಟು ಬಂದಿದ್ದಾರೆ. ನಮ್ಮಲ್ಲಿ ಹೋದವರಿಗೆ ಕರೆದು ನೀರು ಕೊಡುತ್ತಾರೆ, ಯಾರು ಪ್ರೀತಿಯಿಂದ ಕರೆದರೂ ಅದು ಮುಟ್ಟುತ್ತದೆ. ಇಗರ್ಜಿಯಲ್ಲೂ ಹೆಸರು ಓದಲಿ. ಆಗುವುದಾದರೆ ಅವಳ ಬಾಯಲ್ಲೇ ಓದಿಸಲಿ."

ನವೆಂಬರಿಗೆ ನಾವಿಬ್ಬರೂ ಮಂಗಳೂರು ಮೇಲ್ ರೈಲಿನಲ್ಲಿ ಬರುತ್ತೇವೆ. ಅದಕ್ಕೂ ಮೊದಲು ದಸರಾ ರಜೆಗೆ ನೀನು, ವೀಕ್ಷಾ ಇಲ್ಲಿಗೆ ಬರಬೇಕು. ಕೊನೆಯ ದಿನದ ಕ್ರಿಯೆಯಲ್ಲಿ ನೀನು ಅವರ ಪಕ್ಕ ಕೂರಬೇಕು ಅಂತ ಅವರ ಅಪ್ಪಣೆ. ಭಟ್ಟರ ಹತ್ತಿರ ಅವರೇ ಮಾತಾಡಿಕೊಂಡಿದ್ದಾರೆ.

ನೀನು ಕೇಳಿದ್ದಕ್ಕೆಲ್ಲ ನನಗೆ ಗೊತ್ತಿದ್ದಷ್ಟು ಬರೆದಿದ್ದೇನೆ. ಸರಸ್ವತಿ, ರಾಮ, ಹನುಮಂತ ಎಲ್ಲ ಉಳಿದರು. ಮಗು ಬಂದಾಗ ಬಾಯಲ್ಲಿ ಹೇಳುತ್ತೇನೆ. ಹೊಟ್ಟೆ ತುಂಬ ಉಣ್ಣು. ಡ್ಯೂಟಿ ಅಂತ ಮೈ ಕೆಡಿಸಿಕೊಳ್ಳಬೇಡ.

ಇಂತಿ ನಿನ್ನ ಅಮ್ಮನೇ ಆದ
ಕಲಾವತಿ

ತಾ.ಕ.: ಇದನ್ನು ಮಗುವಿಗೆ ಓದಬೇಡ. ನಿನ್ನ ಪತ್ರದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ಅಮ್ಮ, ನಿಮಗೆ ಪ್ರಾರ್ಥನೆ ಮಾಡಲು ಆಗುತ್ತದಾ, ನನಗೆ ಆಗುತ್ತಿಲ್ಲ ಅಂತ ಬರೆದಿದ್ದಿ. ಇಷ್ಟು ಪುಟ ಬರೆದೂ ನಾನು ಅದನ್ನು ಮುಟ್ಟಲಿಲ್ಲ. ಇಲ್ಲ ಸೆವ್ರಿನ್, ಆಗುವುದಿಲ್ಲ. ದಿನಾ ದೀಪ ಹಚ್ಚುತ್ತೇನೆ, ಹೂವು ಇಡುತ್ತೇನೆ, ಇವರ ಎದುರು ಶ್ಲೋಕವನ್ನೂ ಹೇಳುತ್ತೇನೆ. ಕೈ ಮಾತ್ರ ಮುಗಿಯಲು ಒಪ್ಪುವುದಿಲ್ಲ. ಈಗ ಸೂತಕ, ದೇವರ ಮುಂದೆ ನಿಲ್ಲುವ ಹಾಗಿಲ್ಲ ಅಂತ ಭಟ್ಟರು ಹೇಳಿದಾಗ ಎದೆ ಎಷ್ಟು ಹಗುರವಾಯಿತು ಅಂತ ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಇವರಿಗೆ ಗೊತ್ತಿಲ್ಲ. ಇಗರ್ಜಿಯಲ್ಲಿ ಅವನ ಹೆಸರು ಓದುವಾಗ ನನ್ನನ್ನು ನಿನ್ನ ಪಕ್ಕದಲ್ಲೇ ನಿಲ್ಲಿಸಿಕೋ. ಎಲ್ಲರೂ ಕೈ ಮುಗಿಯುವ ಹೊತ್ತಿಗೆ ನನ್ನದೊಂದು ಕೈ ಹಿಡಿದುಕೋ. ನಮ್ಮಿಬ್ಬರದ್ದು ಆಗಲಿಲ್ಲ ಅಂತ ಯಾರಿಗೂ ಕಾಣುವುದು ಬೇಡ.